ಆಂಟಿಬಯೋಟಿಕ್‌ಗೆ ಬದಲಿ ಮದ್ದು ಸಿಕ್ಕಿತೇ? ಅರಿಶಿನದಿಂದ ಫೇಜ್‌ವರೆಗೆ ಯಾವುದು ಎಷ್ಟು ನಿಜ

"ಆಂಟಿಬಯೋಟಿಕ್‌ಗಳ ಕಾಲ ಮುಗಿಯಿತು. ಇನ್ನು ಅರಿಶಿನ, ಬೆಳ್ಳುಳ್ಳಿ, ಜೇನುತುಪ್ಪವೇ ಗತಿ. ಡಾಕ್ಟರುಗಳು ಇದನ್ನು ನಿಮಗೆ ಹೇಳುವುದಿಲ್ಲ, ಎಲ್ಲರಿಗೂ ಕಳಿಸಿ." ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇನ್ನೊಂದು ಬಗೆಯದೂ ಇದೆ: "ಗಂಗೆಯ ನೀರಿನಲ್ಲಿ ಎಲ್ಲ ರೋಗಾಣುಗಳನ್ನೂ ತಿನ್ನುವ ವೈರಸ್ ಇದೆ, ವಿಜ್ಞಾನಿಗಳೇ ಒಪ್ಪಿದ್ದಾರೆ." ಇಂಥವು ಪೂರ್ತಿ ಸುಳ್ಳಾಗಿದ್ದರೆ ಪಕ್ಕಕ್ಕಿಡುವುದು ಸುಲಭವಿತ್ತು. ತೊಂದರೆ ಏನೆಂದರೆ, ಎರಡರಲ್ಲೂ ಒಂದೊಂದು ಚೂರು ನಿಜ ಇದೆ. ಆ ಚೂರು ಯಾವುದು, ಉಳಿದದ್ದು ಏಕೆ ಅಪಾಯ ಎಂಬುದನ್ನು ಬಿಡಿಸಿ ನೋಡೋಣ.

ಮೊದಲು, ಸಮಸ್ಯೆ ನಿಜವೇ?

ನಿಜ. ಆಂಟಿಬಯೋಟಿಕ್ ಎಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಥವಾ ಬೆಳೆಯದಂತೆ ತಡೆಯುವ ಮದ್ದು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಅವರೇ ಎಚ್ಚರಿಕೆ ಕೊಟ್ಟಿದ್ದರು: ಅರೆಬರೆ ಪ್ರಮಾಣದಲ್ಲಿ ಈ ಮದ್ದು ತೆಗೆದುಕೊಂಡರೆ ರೋಗಾಣು ಸಾಯುವುದಿಲ್ಲ, ಮದ್ದನ್ನು ತಾಳಿಕೊಳ್ಳುವುದನ್ನು ಕಲಿಯುತ್ತದೆ. ಆದದ್ದೂ ಅದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. "ನನ್ನ ದೇಹಕ್ಕೆ ಆ ಗುಳಿಗೆ ರೂಢಿಯಾಗಿಬಿಟ್ಟಿದೆ, ಈಗ ಕೆಲಸ ಮಾಡಲ್ಲ" ಎನ್ನುತ್ತಾರೆ. ರೂಢಿಯಾಗುವುದು ನಮ್ಮ ದೇಹಕ್ಕಲ್ಲ, ಬ್ಯಾಕ್ಟೀರಿಯಾಕ್ಕೆ. ಹೊಲಕ್ಕೆ ಒಂದೇ ಕೀಟನಾಶಕವನ್ನು ವರ್ಷಗಟ್ಟಲೆ ಹೊಡೆದರೆ ಏನಾಗುತ್ತದೆ ಎಂದು ಹತ್ತಿ ಬೆಳೆದವರಿಗೆ ಹೇಳಬೇಕಿಲ್ಲ. ಸಾಯುವ ಹುಳ ಸಾಯುತ್ತದೆ, ತಾಳಿಕೊಂಡ ಹುಳ ಉಳಿದು ಮರಿ ಮಾಡುತ್ತದೆ. ಬ್ಯಾಕ್ಟೀರಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ಮದ್ದನ್ನು ಸೋಲಿಸುವ ಜೀನನ್ನು ಅದು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಹಾಗಾಗಿ ಒಬ್ಬರ ಮೈಯಲ್ಲಿ ಹುಟ್ಟಿದ ನಿರೋಧಕತೆ ಮನೆಯವರಿಗೂ ಆಸ್ಪತ್ರೆಯ ಪಕ್ಕದ ಹಾಸಿಗೆಗೂ ಹೋಗುತ್ತದೆ.

2022ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಜಾಗತಿಕ ಅಧ್ಯಯನದ ಅಂದಾಜಿನಂತೆ, 2019ರ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು 12.7 ಲಕ್ಷ ಜನ. ಇಂಥ ಸೋಂಕು ಜೊತೆಗಿದ್ದ ಸಾವುಗಳನ್ನೂ ಸೇರಿಸಿದರೆ 49.5 ಲಕ್ಷ. ಭಾರತದ ಪಾಲು ಇದರಲ್ಲಿ ಸಣ್ಣದಲ್ಲ. ನವಜಾತ ಶಿಶುಗಳು, ಹೆರಿಗೆಯಾದ ತಾಯಂದಿರು, ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದಕ್ಕೆ ಮೊದಲು ಸಿಕ್ಕಿಬೀಳುವವರು.

ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯಂಥ ಊರುಗಳಿಗೂ ಇದು ದೂರದ ಮಾತಲ್ಲ. ನೆಗಡಿ ಬಂದರೆ ಅಂಗಡಿಯಲ್ಲಿ "ಎರಡು ಗುಳಿಗಿ ಕೊಡ್ರಿ" ಎಂದು ಕೇಳಿ ತರುವುದು, ಹೋದ ಸಲ ಉಳಿದ ಅರ್ಧ ಪಟ್ಟಿಯನ್ನು ಈ ಸಲ ಮಗನಿಗೆ ಕೊಡುವುದು, ಆಕಳ ಕೆಚ್ಚಲು ಬಾತರೆ ಗೊತ್ತಿದ್ದವರನ್ನು ಕರೆದು ಸೂಜಿ ಹಾಕಿಸುವುದು ನಾಡಿನ ಎಲ್ಲ ಕಡೆ ನಡೆಯುತ್ತದೆ. ಸೋಂಕು ಬಿಗಡಾಯಿಸಿದಾಗ ಮಾತ್ರ ಶಿಗ್ಗಾಂವಿ, ಹಾವೇರಿ, ಹುಬ್ಬಳ್ಳಿಯ ದಾರಿ ಹಿಡಿಯುತ್ತೇವೆ. ಅಲ್ಲಿ ಕೊಡುವ ದೊಡ್ಡ ಮದ್ದೂ ನಾಟದಿದ್ದರೆ ಮುಂದೇನು ಎಂಬುದೇ ಈಗ ವಿಜ್ಞಾನಿಗಳ ಮುಂದಿರುವ ಪ್ರಶ್ನೆ.

ಅರಿಶಿನ, ಬೆಳ್ಳುಳ್ಳಿ, ಜೇನು: ನಿಜ ಎಷ್ಟು?

ಅರಿಶಿನದ ಕರ್ಕ್ಯುಮಿನ್, ಬೆಳ್ಳುಳ್ಳಿಯ ಅಲಿಸಿನ್ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ಇದೇ ಆ ನಿಜದ ಚೂರು. ಆದರೆ ಗಾಜಿನ ತಟ್ಟೆಯಲ್ಲಿ ಬ್ಲೀಚಿಂಗ್ ಪೌಡರ್ ಕೂಡ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅದನ್ನು ಯಾರೂ ಕುಡಿಯುವುದಿಲ್ಲ.

ಮದ್ದು ಎನಿಸಿಕೊಳ್ಳಲು ಮೂರು ಪರೀಕ್ಷೆ ದಾಟಬೇಕು. ಬಾಯಿಂದ ತೆಗೆದುಕೊಂಡದ್ದು ರಕ್ತಕ್ಕೆ ಸೇರಬೇಕು. ಸೋಂಕಿರುವ ಜಾಗಕ್ಕೆ, ಅದು ಶ್ವಾಸಕೋಶವಾಗಲಿ ಮೂತ್ರಪಿಂಡವಾಗಲಿ, ಸಾಕಷ್ಟು ಪ್ರಮಾಣದಲ್ಲಿ ತಲುಪಬೇಕು. ಅಷ್ಟು ಪ್ರಮಾಣದಲ್ಲಿ ನಮ್ಮ ಜೀವಕೋಶಗಳಿಗೆ ಹಾನಿ ಮಾಡಬಾರದು. ಕರ್ಕ್ಯುಮಿನ್ ಮೊದಲನೆಯದರಲ್ಲೇ ಸೋಲುತ್ತದೆ. ಕರುಳಿನಿಂದ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಸೇರಿದ್ದನ್ನೂ ಯಕೃತ್ತು ಬೇಗನೆ ಹೊರಹಾಕುತ್ತದೆ. ಅರಿಶಿನ ಹಾಲು ಕುಡಿದು ರಕ್ತದ ಸೋಂಕನ್ನು ವಾಸಿ ಮಾಡಲಾಗದು.

ಜೇನುತುಪ್ಪದ ಮಾತು ಸ್ವಲ್ಪ ಬೇರೆ. ಶುದ್ಧೀಕರಿಸಿದ ವೈದ್ಯಕೀಯ ದರ್ಜೆಯ ಜೇನನ್ನು ಕೆಲವು ಬಗೆಯ ಗಾಯ ಮತ್ತು ಸುಟ್ಟಗಾಯಗಳ ಪಟ್ಟಿಯಲ್ಲಿ ಆಸ್ಪತ್ರೆಗಳು ಬಳಸುವುದುಂಟು. ಇದು ಹೊರಗಿನ ಗಾಯಕ್ಕೆ ಮಾತ್ರ. ಅಡುಗೆಮನೆಯ ಜೇನನ್ನು ಗಾಯಕ್ಕೆ ಹಚ್ಚುವುದು ಬೇಡ. ಒಂದು ವರ್ಷದೊಳಗಿನ ಕೂಸಿಗಂತೂ ಜೇನನ್ನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಬಾಟುಲಿಸಮ್ ಬ್ಯಾಕ್ಟೀರಿಯಾದ ಬೀಜಕಣಗಳು ಕೂಸಿನ ಕರುಳಿನಲ್ಲಿ ಬೆಳೆದು ಜೀವಕ್ಕೆ ಕುತ್ತು ತರಬಲ್ಲವು.

ಹಾಗಾದರೆ "ನಮ್ಮ ಅಜ್ಜಿ ಕಷಾಯ ಕೊಟ್ಟರೆ ಮೂರು ದಿನದಲ್ಲಿ ಗುಣವಾಗುತ್ತಿತ್ತಲ್ಲ?" ಎಂದು ಕೇಳುತ್ತೀರಿ. ಆಗುತ್ತಿತ್ತು, ಈಗಲೂ ಆಗುತ್ತದೆ. ನೆಗಡಿ, ಸಾಮಾನ್ಯ ಕೆಮ್ಮು, ಹೆಚ್ಚಿನ ಗಂಟಲು ನೋವು ಬರುವುದು ವೈರಸ್‌ನಿಂದ. ಅವು ತಾವಾಗಿ ಹೋಗುತ್ತವೆ. ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಬಿಸಿ ಕಷಾಯ ಗಂಟಲಿಗೆ ಹಿತ, ನೀರಿನಂಶವೂ ಸಿಗುತ್ತದೆ. ಆದ್ದರಿಂದ ನೆಗಡಿಗೆ ಗುಳಿಗೆ ಕೇಳುವ ಬದಲು ಕಷಾಯ ಕುಡಿದರೆ ನಮ್ಮ ಅಭ್ಯಂತರವಿಲ್ಲ, ಅದು ಒಳ್ಳೆಯದೇ. ಆದರೆ ನ್ಯುಮೋನಿಯಾ, ಟೈಫಾಯಿಡ್, ಮೂತ್ರಪಿಂಡದ ಸೋಂಕಿಗೆ ಅದನ್ನೇ ನಂಬಿ ಕೂತರೆ ಚಿಕಿತ್ಸೆಯ ಸಮಯ ಕೈ ತಪ್ಪುತ್ತದೆ.

ಗಂಗೆಯ ನೀರು ಮತ್ತು ಬ್ಯಾಕ್ಟೀರಿಯಾ ತಿನ್ನುವ ವೈರಸ್

1896ರಲ್ಲಿ ಆಗ್ರಾದಲ್ಲಿದ್ದ ಬ್ರಿಟಿಷ್ ವಿಜ್ಞಾನಿ ಅರ್ನೆಸ್ಟ್ ಹ್ಯಾಂಕಿನ್ ಒಂದು ವಿಚಿತ್ರ ಕಂಡರು. ಗಂಗಾ ಮತ್ತು ಯಮುನಾ ನೀರನ್ನು ಸೋಸಿ ಅದಕ್ಕೆ ಕಾಲರಾ ಬ್ಯಾಕ್ಟೀರಿಯಾ ಹಾಕಿದರೆ ಅವು ಸಾಯುತ್ತಿದ್ದವು. ನೀರನ್ನು ಕುದಿಸಿದರೆ ಆ ಗುಣ ಹೋಗುತ್ತಿತ್ತು. ಕಾರಣ ಅವರಿಗೆ ತಿಳಿಯಲಿಲ್ಲ. ಇದಕ್ಕೆ ಬ್ಯಾಕ್ಟೀರಿಯಾವನ್ನು ಬೇಟೆಯಾಡುವ ವೈರಸ್ ಕಾರಣವಿರಬಹುದು ಎಂದು ಮುಂದೆ ಹಲವರು ಊಹಿಸಿದರು. ಇಂಥ ವೈರಸ್ಸನ್ನು 1915ರಲ್ಲಿ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಫೆಲಿಕ್ಸ್ ಡೆರೆಲ್ ಬೇರೆ ಬೇರೆಯಾಗಿ ಗುರುತಿಸಿದರು. ಡೆರೆಲ್ ಅದಕ್ಕೆ ಬ್ಯಾಕ್ಟೀರಿಯೊಫೇಜ್, ಅಂದರೆ 'ಬ್ಯಾಕ್ಟೀರಿಯಾ ಭಕ್ಷಕ' ಎಂದು ಹೆಸರಿಟ್ಟರು. ಚುಟುಕಾಗಿ ಫೇಜ್. 1920ರ ದಶಕದಲ್ಲಿ ಅವರು ಭಾರತಕ್ಕೂ ಬಂದು ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು ನೋಡಿದರು.

ಫೇಜ್ ಕೆಲಸ ಮಾಡುವ ಬಗೆ ಸರಳ. ಅದು ತನಗೆ ಹೊಂದುವ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ತನ್ನ ಜೀನುಗಳನ್ನು ಒಳಗೆ ಚುಚ್ಚುತ್ತದೆ. ಒಳಗೆ ನೂರಾರು ಮರಿ ಫೇಜ್‌ಗಳು ತಯಾರಾಗುತ್ತವೆ. ಕೊನೆಗೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ, ಹೊರಬಂದ ಫೇಜ್‌ಗಳು ಮುಂದಿನದನ್ನು ಹುಡುಕುತ್ತವೆ. ಮನುಷ್ಯನ ಜೀವಕೋಶಕ್ಕೆ ಅವು ಅಂಟುವುದಿಲ್ಲ. ಫೇಜ್ ಗಂಗೆಯ ಸೊತ್ತೂ ಅಲ್ಲ. ಬ್ಯಾಕ್ಟೀರಿಯಾ ಇರುವಲ್ಲೆಲ್ಲ ಫೇಜ್ ಇರುತ್ತದೆ: ವರದಾ ನದಿಯಲ್ಲಿ, ಊರಿನ ಕೆರೆಯಲ್ಲಿ, ಚರಂಡಿಯಲ್ಲಿ, ನಮ್ಮ ಕರುಳಿನಲ್ಲಿ. ಚಿಕಿತ್ಸೆಗೆ ಬೇಕಾದ ಫೇಜ್‌ಗಳನ್ನು ವಿಜ್ಞಾನಿಗಳು ಹೆಚ್ಚಾಗಿ ಹುಡುಕುವುದು ಕೊಳಚೆ ನೀರಿನಲ್ಲಿ. ಏಕೆಂದರೆ ಬೇಕಾದ ರೋಗಾಣು ಅಲ್ಲಿ ಸಿಗುತ್ತದೆ, ಅದರ ಬೇಟೆಗಾರನೂ ಸಿಗುತ್ತದೆ. ಅಂದಮಾತ್ರಕ್ಕೆ ಆ ನೀರು ಕುಡಿದರೆ ರೋಗ ವಾಸಿಯಾಗುವುದಿಲ್ಲ, ಬರುತ್ತದೆ. ಅದರಲ್ಲಿ ಬೇಟೆಗಾರನಿಗಿಂತ ಮೊದಲು ರೋಗಾಣು ಇರುತ್ತದೆ.

ಫೇಜ್ ಚಿಕಿತ್ಸೆ ಎಲ್ಲಿದೆ, ಏಕೆ ಇಲ್ಲಿಲ್ಲ?

1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಬಹುತೇಕ ದೇಶಗಳು ಫೇಜ್ ಅನ್ನು ಮರೆತವು. ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿರುವ ಎಲಿಯಾವಾ ಸಂಸ್ಥೆ ಅದನ್ನು ಬಿಡದೆ ಮುಂದುವರಿಸಿತು. ಮತ್ತೆ ಜಗತ್ತಿನ ಗಮನ ಸೆಳೆದದ್ದು 2016ರ ಒಂದು ಪ್ರಕರಣ. ಅಮೆರಿಕದ ಪ್ರಾಧ್ಯಾಪಕ ಟಾಮ್ ಪ್ಯಾಟರ್ಸನ್ ಈಜಿಪ್ಟ್ ಪ್ರವಾಸದಲ್ಲಿ ಕಾಯಿಲೆ ಬಿದ್ದು, ಯಾವ ಮದ್ದಿಗೂ ಬಗ್ಗದ ಅಸಿನೆಟೊಬ್ಯಾಕ್ಟರ್ ಸೋಂಕಿನಿಂದ ಪ್ರಜ್ಞೆ ತಪ್ಪಿದ ಸ್ಥಿತಿ ತಲುಪಿದ್ದರು. ಅವರ ಪತ್ನಿ, ಸ್ವತಃ ಸಾಂಕ್ರಾಮಿಕ ರೋಗಗಳ ತಜ್ಞೆಯಾದ ಸ್ಟೆಫನಿ ಸ್ಟ್ರಾತ್‌ಡೀ, ಪ್ರಯೋಗಾಲಯಗಳ ಬೆನ್ನುಬಿದ್ದು ಹೊಂದುವ ಫೇಜ್‌ಗಳನ್ನು ಹುಡುಕಿಸಿದರು. ಸ್ಯಾನ್ ಡಿಯಾಗೋದಲ್ಲಿ ಅವನ್ನು ರಕ್ತನಾಳಕ್ಕೆ ಕೊಟ್ಟ ಮೇಲೆ ಅವರು ಚೇತರಿಸಿಕೊಂಡರು. ಆ ಸುದ್ದಿಯ ಫಾರ್ವರ್ಡ್‌ಗಳಲ್ಲಿ ಒಂದು ಮಾತು ಬಿಟ್ಟುಹೋಗಿರುತ್ತದೆ: ಅವರಿಗೆ ಫೇಜ್ ಜೊತೆಗೆ ಆಂಟಿಬಯೋಟಿಕ್ ಕೂಡ ಕೊಡಲಾಗಿತ್ತು.

ಇದರ ಪಕ್ಕದಲ್ಲೇ ಇನ್ನೊಂದು ಪ್ರಯೋಗವನ್ನೂ ಇಟ್ಟು ನೋಡಬೇಕು. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ 'ಫೇಗೊಬರ್ನ್' ಹೆಸರಿನಲ್ಲಿ ಸುಟ್ಟಗಾಯದ 27 ರೋಗಿಗಳ ಮೇಲೆ ಫೇಜ್ ಮಿಶ್ರಣ ಮತ್ತು ರೂಢಿಯ ಸಿಲ್ವರ್ ಸಲ್ಫಾಡಯಜಿನ್ ಮುಲಾಮನ್ನು ಹೋಲಿಸಲಾಯಿತು. ಮುಲಾಮೇ ಬೇಗ ಕೆಲಸ ಮಾಡಿತು. ಪರೀಕ್ಷಿಸಿ ನೋಡಿದಾಗ, ತಯಾರಿಸಿದ ಮೇಲೆ ಬಾಟಲಿಯಲ್ಲೇ ಫೇಜ್‌ಗಳ ಸಂಖ್ಯೆ ಭಾರೀ ಕುಸಿದದ್ದು ತಿಳಿಯಿತು. ರೋಗಿಗೆ ಸಿಕ್ಕದ್ದು ಉದ್ದೇಶಿಸಿದ್ದಕ್ಕಿಂತ ಬಹಳ ಕಡಿಮೆ ಪ್ರಮಾಣ. ಫೇಜ್ ಜೀವಿಯಂತೆ ವರ್ತಿಸುವ ಮದ್ದು, ಕಪಾಟಿನಲ್ಲಿಟ್ಟ ಗುಳಿಗೆಯಂತಲ್ಲ.

ಇನ್ನೂ ದೊಡ್ಡ ತೊಡಕು ಹೊಂದಾಣಿಕೆಯದು. ಒಂದು ಆಂಟಿಬಯೋಟಿಕ್ ಹತ್ತಾರು ಬಗೆಯ ಬ್ಯಾಕ್ಟೀರಿಯಾಕ್ಕೆ ನಾಟುತ್ತದೆ. ಫೇಜ್ ಹಾಗಲ್ಲ, ಒಂದೇ ಬೀಗಕ್ಕೆ ಒಂದೇ ಕೀಲಿ. ಒಂದೇ ಜಾತಿಯ ಬ್ಯಾಕ್ಟೀರಿಯಾ ಇಬ್ಬರು ರೋಗಿಗಳಲ್ಲಿದ್ದರೂ ಒಬ್ಬರಿಗೆ ಹೊಂದಿದ ಫೇಜ್ ಇನ್ನೊಬ್ಬರಿಗೆ ಹೊಂದದಿರಬಹುದು. ಪ್ರತಿ ಸಲ ರೋಗಿಯ ಮಾದರಿ ಬೆಳೆಸಿ, ಸಂಗ್ರಹದಲ್ಲಿರುವ ಫೇಜ್‌ಗಳನ್ನು ಒಂದೊಂದಾಗಿ ಹಚ್ಚಿ ನೋಡಬೇಕು. ಬ್ಯಾಕ್ಟೀರಿಯಾ ಫೇಜ್‌ಗೂ ನಿರೋಧಕತೆ ಬೆಳೆಸಿಕೊಳ್ಳುತ್ತದೆ. ಬೆಲ್ಜಿಯಂನಲ್ಲಿ ವೈದ್ಯರ ಚೀಟಿಯ ಮೇಲೆ ರೋಗಿಗೆ ತಕ್ಕಂತೆ ಫೇಜ್ ತಯಾರಿಸಿಕೊಡುವ ವ್ಯವಸ್ಥೆ ಬಂದಿದೆ. ಭಾರತದಲ್ಲಿ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳುವ ಅನುಮೋದಿತ ಫೇಜ್ ಮದ್ದು ಇಲ್ಲ. ಆದ್ದರಿಂದ "ಫೇಜ್ ಗುಳಿಗೆ, ಮನೆಗೇ ತಲುಪಿಸುತ್ತೇವೆ" ಎಂಬ ಜಾಹೀರಾತು ಕಂಡರೆ ದುಡ್ಡು ಕಳಿಸಬೇಡಿ.

ಬೆಂಗಳೂರಿನಲ್ಲಿ ನಡೆದ ಕೆಲಸ

ಈ ಕಥೆಯಲ್ಲಿ ಕರ್ನಾಟಕದ ಪಾತ್ರವೂ ಇದೆ. ವಿಜ್ಞಾನಿ ಜಾನಕಿರಾಮನ್ ರಾಮಚಂದ್ರನ್ 2000ದಲ್ಲಿ ಬೆಂಗಳೂರಿನಲ್ಲಿ ಫೇಜ್‌ಗಳ ಮೇಲೆಯೇ ಕೆಲಸ ಮಾಡುವ ಒಂದು ಕಂಪನಿ ಕಟ್ಟಿದರು. ಹೆಸರು ಗಂಗಾಜೆನ್. ಇಡೀ ಫೇಜ್ ಕೊಡುವ ತೊಡಕನ್ನು ದಾಟಲು ಅವರು ಬೇರೆ ದಾರಿ ಹಿಡಿದರು. ಫೇಜ್ ಬ್ಯಾಕ್ಟೀರಿಯಾದ ಗೋಡೆ ಕೊರೆಯಲು ಒಂದು ಕಿಣ್ವ ಬಳಸುತ್ತದೆ. ಆ ಆಯುಧವನ್ನಷ್ಟೇ ತೆಗೆದು ಪಿ128 ಎಂಬ ಪ್ರೋಟೀನ್ ರೂಪಿಸಿದರು. ಅದರ ಗುರಿ ಸ್ಟ್ಯಾಫಿಲೊಕಾಕಸ್ ಆರಿಯಸ್, ಅಂದರೆ ಕುರು, ಕೀವು, ಶಸ್ತ್ರಚಿಕಿತ್ಸೆಯ ಗಾಯದ ಸೋಂಕು ತರುವ ಬ್ಯಾಕ್ಟೀರಿಯಾ. ಅದರ ಮದ್ದಿಗೆ ಬಗ್ಗದ ರೂಪವನ್ನೂ ಪಿ128 ಪ್ರಯೋಗಾಲಯದಲ್ಲಿ ಕೊಂದಿತು, ಮನುಷ್ಯರ ಮೇಲಿನ ಆರಂಭಿಕ ಪ್ರಯೋಗದವರೆಗೂ ಹೋಯಿತು. ಅಲ್ಲಿಂದ ಅಂಗಡಿಯ ಕಪಾಟಿನವರೆಗಿನ ದಾರಿ ಉದ್ದ. ದೊಡ್ಡ ಪ್ರಯೋಗಗಳಿಗೆ ವರ್ಷಗಳೂ ಕೋಟಿಗಳೂ ಬೇಕು. ಹೊಸ ಸೋಂಕಿನ ಮದ್ದನ್ನು ಕೆಲವೇ ದಿನ, ಕೆಲವೇ ಜನರಿಗೆ ಬಳಸುವುದರಿಂದ ಬಿಪಿ, ಸಕ್ಕರೆಯ ಗುಳಿಗೆಯಷ್ಟು ಲಾಭ ಕಂಪನಿಗಳಿಗೆ ಬರುವುದಿಲ್ಲ. ಸಂಶೋಧನೆ ನಿಧಾನವಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಯಾರೋ ಮದ್ದನ್ನು ಬಚ್ಚಿಟ್ಟಿದ್ದಾರೆ ಎಂಬುದಲ್ಲ.

ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟರೆ?

ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕೂಸುಗಳಿಗೆ ಮೊದಲ ದಿನಗಳಲ್ಲಿ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯನ್ನೂ ಕೊಟ್ಟರು. ಉಳಿದವಕ್ಕೆ ಹಾಗೆಯೇ ಕಾಣುವ ಖಾಲಿ ಮದ್ದು. ಎರಡು ತಿಂಗಳಲ್ಲಿ ಖಾಲಿ ಮದ್ದಿನ ಗುಂಪಿನಲ್ಲಿ ಶೇ. 9ರಷ್ಟು ಕೂಸುಗಳಿಗೆ ತೀವ್ರ ಸೋಂಕು ಅಥವಾ ಸಾವು ಉಂಟಾದರೆ, ಇನ್ನೊಂದರಲ್ಲಿ ಶೇ. 5.4. ಸೋಂಕೇ ಕಡಿಮೆಯಾದರೆ ಆಂಟಿಬಯೋಟಿಕ್ ಕೊಡುವ ಪ್ರಸಂಗವೂ ಕಡಿಮೆ.

ಇದನ್ನು ಓದಿ ಅಂಗಡಿಯ ಪ್ರೋಬಯೋಟಿಕ್ ಪುಡಿಯನ್ನು ಕೂಸಿಗೆ ಕೊಡಲು ಹೋಗಬೇಡಿ. ಅಲ್ಲಿ ಬಳಸಿದ್ದು ನಿರ್ದಿಷ್ಟ ತಳಿ, ಕೊಟ್ಟದ್ದು ತೂಕ ಸರಿಯಿದ್ದ ಆರೋಗ್ಯವಂತ ಶಿಶುಗಳಿಗೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಪ್ರೋಬಯೋಟಿಕ್ ಬ್ಯಾಕ್ಟೀರಿಯಾವೇ ರಕ್ತಕ್ಕಿಳಿದು ಅಪಾಯ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿದೆ.

ಆಕಳ ಕೆಚ್ಚಲು ಬಾವಿಗೆ ಲೋಳೆಸರ

ಅಡುಗೆಮನೆಯ ಸಾಮಗ್ರಿ ನಿಜಕ್ಕೂ ಆಂಟಿಬಯೋಟಿಕ್ ಬಳಕೆಯನ್ನು ಕಡಿಮೆ ಮಾಡಬಹುದಾದ ಒಂದು ಜಾಗವಿದೆ, ಅದು ಕೊಟ್ಟಿಗೆ. ಹೈನುಗಾರಿಕೆಯಲ್ಲಿ ಆಂಟಿಬಯೋಟಿಕ್ ಹೆಚ್ಚು ಖರ್ಚಾಗುವ ಕಾಯಿಲೆಗಳಲ್ಲಿ ಕೆಚ್ಚಲು ಬಾವು ಒಂದು. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ತಜ್ಞರು ಪಶುಗಳ ನಾಟಿ ಔಷಧ ಪದ್ಧತಿಗಳನ್ನು ಪರಿಶೀಲಿಸಿ ರೂಪಿಸಿದ ಮಿಶ್ರಣಗಳನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹಾಲು ಒಕ್ಕೂಟಗಳ ಮೂಲಕ ಪ್ರಚಾರ ಮಾಡುತ್ತಿದೆ. ಕೆಚ್ಚಲು ಬಾವಿಗೆ ಹೇಳುವುದು 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, ಸುಮಾರು 15 ಗ್ರಾಂ ಸುಣ್ಣ. ಅರೆದು, ನೀರಿನಲ್ಲಿ ತೆಳ್ಳಗೆ ಮಾಡಿ, ಹಾಲು ಹಿಂಡಿ ತೊಳೆದ ಕೆಚ್ಚಲಿಗೆ ದಿನಕ್ಕೆ ಹಲವು ಸಲ ಹಚ್ಚುವುದು.

ಇಲ್ಲೂ ಎರಡು ಎಚ್ಚರಿಕೆ. ಇದು ಬಾವು ಆಗತಾನೆ ಕಾಣಿಸಿಕೊಂಡಾಗಿನ ಮಾತು. ಆಕಳಿಗೆ ಜ್ವರ ಬಂದು ಮೇವು ಬಿಟ್ಟರೆ, ಹಾಲಿನಲ್ಲಿ ರಕ್ತ ಬಂದರೆ ಪಶುವೈದ್ಯರನ್ನು ಕರೆಯಲೇಬೇಕು. ಮತ್ತು ಆಕಳಿಗೆ ಆಂಟಿಬಯೋಟಿಕ್ ಸೂಜಿ ಹಾಕಿಸಿದ್ದರೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬಾರದು, ಮನೆಯಲ್ಲೂ ಕುಡಿಯಬಾರದು. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಎಂಬ ಮದ್ದನ್ನು ಕೋಳಿ, ಜಾನುವಾರು ಮೇವಿನಲ್ಲಿ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಭಯದಿಂದ.

ಈಗಲೇ ಕೈಯಲ್ಲಿರುವ ಬದಲಿ: ಲಸಿಕೆ

2016ರ ಕೊನೆಯಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಒಂದು ಟೈಫಾಯಿಡ್ ಹರಡಿತು. ಐದು ವರ್ಗದ ಆಂಟಿಬಯೋಟಿಕ್‌ಗಳು ಅದಕ್ಕೆ ನಾಟಲಿಲ್ಲ. ಬಾಯಿಂದ ಕೊಡುವ ಮದ್ದಿನಲ್ಲಿ ಅಜಿತ್ರೊಮೈಸಿನ್ ಮಾತ್ರ ಉಳಿಯಿತು. ಆಗ ನೆರವಿಗೆ ಬಂದದ್ದು ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಟೈಫಾಯಿಡ್ ಕಾಂಜುಗೇಟ್ ಲಸಿಕೆ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾವೂ ಲಸಿಕೆಗೆ ಬಗ್ಗುತ್ತದೆ, ಏಕೆಂದರೆ ಲಸಿಕೆ ಎಬ್ಬಿಸುವ ರಕ್ಷಣೆ ಆಂಟಿಬಯೋಟಿಕ್‌ನ ದಾರಿಯಲ್ಲಿ ಹೋಗುವುದಿಲ್ಲ. 2019ರಲ್ಲಿ ಪಾಕಿಸ್ತಾನ ಅದನ್ನು ಮಕ್ಕಳ ದಿನನಿತ್ಯದ ಲಸಿಕೆಗಳ ಪಟ್ಟಿಗೆ ಸೇರಿಸಿತು, ಹಾಗೆ ಮಾಡಿದ ಮೊದಲ ದೇಶ ಅದು.

ನಮ್ಮ ಅಂಗನವಾಡಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಹಾಕುವ ಪೆಂಟಾವಲೆಂಟ್ ಮತ್ತು ನ್ಯುಮೋಕಾಕಲ್ ಲಸಿಕೆಗಳು ನ್ಯುಮೋನಿಯಾ, ಮಿದುಳು ಜ್ವರದ ಮುಖ್ಯ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಅಂದರೆ ತಾಯಿ ಕಾರ್ಡಿನ ಪ್ರತಿ ಚುಚ್ಚುಮದ್ದೂ ಮುಂದೊಂದು ದಿನ ಬೇಕಾಗಬಹುದಾಗಿದ್ದ ಆಂಟಿಬಯೋಟಿಕ್ ಅನ್ನು ಉಳಿಸುತ್ತದೆ. ಶುದ್ಧ ನೀರು, ಶೌಚಾಲಯ, ಸಾಬೂನಿನಿಂದ ಕೈ ತೊಳೆಯುವುದು ಮಾಡುವುದೂ ಅದನ್ನೇ. ಇವನ್ನು ಯಾರೂ 'ಅದ್ಭುತ ಮದ್ದು' ಎಂದು ಫಾರ್ವರ್ಡ್ ಮಾಡುವುದಿಲ್ಲ, ಆದರೆ ಸಾಬೀತಾದ ಬದಲಿಗಳು ಇವೇ.

ಹಾಗಾದರೆ ನಾವು ಮಾಡಬೇಕಾದ್ದು

ಗುಳಿಗೆ ಪಟ್ಟಿಯ ಎಡಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದೆಯೇ ನೋಡಿ. ಇದ್ದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು, ಕೊಡಬಾರದು. ಕೆಂಪು ಗೆರೆಯ ಬಗ್ಗೆ ಕೇಂದ್ರ ಆರೋಗ್ಯ ಇಲಾಖೆ 2016ರಿಂದ ತಿಳಿವಳಿಕೆ ಕೊಡುತ್ತಿದೆ.

ವೈದ್ಯರು ಆಂಟಿಬಯೋಟಿಕ್ ಬರೆಯದಿದ್ದರೆ ಒತ್ತಾಯಿಸಬೇಡಿ. ಬರೆದರೆ "ಇದು ಆಂಟಿಬಯೋಟಿಕ್ ಏನ್ರೀ? ಎಷ್ಟು ದಿನ ತಗೋಬೇಕು?" ಎಂದು ಕೇಳಿ, ಹೇಳಿದಷ್ಟು ದಿನ ತೆಗೆದುಕೊಳ್ಳಿ. ಉಳಿದ ಗುಳಿಗೆಯನ್ನು ಮುಂದಿನ ಸಲಕ್ಕೆ ಎತ್ತಿಡಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ.

ಕೂಸು ಹಾಲು ಕುಡಿಯುವುದು ಬಿಟ್ಟರೆ ಅಥವಾ ಮಂಕಾದರೆ, ಉಸಿರಾಟ ವೇಗವಾಗಿ ಎದೆಗೂಡು ಒಳಸೇದುತ್ತಿದ್ದರೆ, ಜ್ವರ ಮೂರು ದಿನ ದಾಟಿದರೆ, ಚಳಿಜ್ವರದ ಜೊತೆ ಉರಿಮೂತ್ರ ಇದ್ದರೆ, ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ದೊಡ್ಡವರು ತಡವರಿಸಿ ಮಾತಾಡತೊಡಗಿದರೆ ಮನೆಮದ್ದು ಮಾಡುತ್ತ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಅಂಥ ಹೊತ್ತಿನಲ್ಲಿ ಆಂಟಿಬಯೋಟಿಕ್ ಈಗಲೂ ಜೀವ ಉಳಿಸುತ್ತದೆ. ಅದು ಮುಂದೆಯೂ ಉಳಿಸುವಂತಿರಬೇಕಾದರೆ ನೆಗಡಿಗೆ ಅದನ್ನು ಖರ್ಚು ಮಾಡಬಾರದು.

"ಬದಲಿ ಮದ್ದು ಸಿಕ್ಕಿತು" ಎಂಬ ಮುಂದಿನ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಇದನ್ನು ಪರೀಕ್ಷಿಸಿದ್ದು ಗಾಜಿನ ತಟ್ಟೆಯಲ್ಲೋ ಮನುಷ್ಯರಲ್ಲೋ? ಎಷ್ಟು ಜನರಲ್ಲಿ? ಯಾವುದರ ಜೊತೆ ಹೋಲಿಸಿದರು? ಉತ್ತರ ಆ ಸಂದೇಶದಲ್ಲಿ ಇಲ್ಲದಿದ್ದರೆ ಅದನ್ನು ಮನೆಯವರ ಗುಂಪಿಗೆ ಕಳಿಸಬೇಡಿ.